ತೋಟದಿಂದ ಟೆಕ್ಸಾಸಿಗೆ: ದಾರಿ ಮಾಡಿದ ಸರ್ಕಾರ, ತಡೆ ಹಾಕಿದ ಸರ್ಕಾರ

ಸಿದ್ದಾಪುರದ ಎಪಿಎಂಸಿ ಅಂಗಳದಲ್ಲಿ ಅಡಿಕೆ ಟೆಂಡರ್ ಮುಗಿದ ಹೊತ್ತು. ರಾಶಿ, ತಟ್ಟಿಬೆಟ್ಟೆ, ಚಾಲಿ, ಕೋಕಾ, ಕೆಂಪುಗೋಟು ಎಂದು ಒಂದೊಂದರ ಎದುರೂ ಆ ದಿನದ ದರ. ಪಂಚೆ ಮೇಲೆತ್ತಿ ಕಟ್ಟಿದವರು, ಹೆಗಲಿಗೆ ಚೀಲ ಹಾಕಿದವರು ಪಟ್ಟಿ ನೋಡುತ್ತಾರೆ. ಮುಖ ಅರಳಿದವರು ಕೆಲವರು, 'ಮುಂದಿನ ವಾರ ನೋಡುವ' ಎಂದು ಮೂಟೆಯನ್ನು ಸೊಸೈಟಿಯ ಗೋದಾಮಿನಲ್ಲೇ ಬಿಡುವವರು ಕೆಲವರು. ಆಮೇಲೆ ಚಹದಂಗಡಿಯ ಬೆಂಚಿನ ಮೇಲೆ ಮಾತು ಹೊರಳುತ್ತದೆ.

'ಭಾವಾ, ಮಾಣಿ ವೀಸಾ ಎಂತಾತು?'

'ಈ ಸಲವೂ ಲಾಟ್ರಿಲಿ ಹೆಸ್ರು ಬೈಂದಿಲ್ಲೆ.'

ಸಿದ್ದಾಪುರ, ಶಿರಸಿ, ಯಲ್ಲಾಪುರ. ಉತ್ತರ ಕನ್ನಡದ ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಅಡಿಕೆ ದರ ಮತ್ತು ಅಮೆರಿಕದ ವೀಸಾ ಎರಡೂ ಮನೆಮಾತು. ಅಡಿಕೆಯ ದುಡ್ಡಿನಲ್ಲಿ ಓದಿದ ಮಗ, ಮಗಳು ಬೆಂಗಳೂರಿಗೆ ಹೋಗಿ, ಅಲ್ಲಿಂದ ಡಲ್ಲಾಸಿಗೋ ಸಿಯಾಟಲ್‌ಗೋ ಹಾರಿದ ಕಥೆ ಊರಿಗೆ ನಾಲ್ಕಾರು ಸಿಗುತ್ತವೆ. ಆ ಕಥೆ ಹೇಳುವಾಗ 'ಸ್ವಂತ ಬುದ್ಧಿಯಿಂದ ಮುಂದೆ ಬಂದ' ಎಂಬ ಮಾತು ತಪ್ಪದೇ ಬರುತ್ತದೆ. ವೀಸಾ ಸಿಗದಿದ್ದಾಗ ಮಾತ್ರ ಸರ್ಕಾರ ಪ್ರವೇಶಿಸುತ್ತದೆ, ಅದೂ ಖಳನಾಯಕನಾಗಿ.

ಹಾಗಾದರೆ ಈ ಕನಸಿನ ಬೆನ್ನು ಹತ್ತಿದವರಿಗೆ ಸರ್ಕಾರ ಆಸರೆಯೋ ಅಡ್ಡಿಯೋ? ಉತ್ತರ ಹುಡುಕಲು ತೋಟದ ಅಂಚಿನಿಂದ ಹೊರಟು ಕ್ಯಾಲಿಫೋರ್ನಿಯದವರೆಗಿನ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ನೋಡಬೇಕು.

ಕನಸಿಗೂ ಕಾಯ್ದೆಯ ಬುನಾದಿ

'ಅಮೆರಿಕನ್ ಡ್ರೀಮ್' ಎಂಬುದನ್ನು ಜನಪ್ರಿಯಗೊಳಿಸಿದ್ದು ಜೇಮ್ಸ್ ಟ್ರಸ್ಲೊ ಆಡಮ್ಸ್ ಎಂಬ ಇತಿಹಾಸಕಾರ. 1931ರಲ್ಲಿ, ಅಂದರೆ ಮಹಾ ಆರ್ಥಿಕ ಕುಸಿತದ ನಟ್ಟನಡುವೆ, ಆತ 'ದಿ ಎಪಿಕ್ ಆಫ್ ಅಮೆರಿಕ' ಬರೆದ. ಯಾರ ಹೊಟ್ಟೆಯಲ್ಲಿ ಹುಟ್ಟಿದರೂ ತನ್ನ ಯೋಗ್ಯತೆಗೆ ತಕ್ಕ ಬದುಕು ಸಿಗಬೇಕು ಎಂಬುದು ಅವನ ವಾದದ ತಿರುಳು.

ಆ ಕನಸು ಬರೀ ಬೆವರಿನಿಂದ ಬೆಳೆದದ್ದಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆ ಸಾಗುವಳಿ ಮಾಡುವವರಿಗೆ 160 ಎಕರೆ ಜಮೀನು ಕೊಟ್ಟಿತು. ಅದೇ ವರ್ಷದ ಮಾರಿಲ್ ಕಾಯ್ದೆ ಪ್ರತಿ ರಾಜ್ಯಕ್ಕೂ ಸರ್ಕಾರಿ ಭೂಮಿ ಕೊಟ್ಟು, ಅದರ ಹಣದಿಂದ ಕೃಷಿ ಮತ್ತು ಎಂಜಿನಿಯರಿಂಗ್ ಕಲಿಸುವ ಕಾಲೇಜು ಕಟ್ಟಿಸಿತು. ನಮ್ಮ ಹುಡುಗರು ಇಂದಿಗೂ ಎಂ.ಎಸ್. ಮಾಡಲು ಹೋಗುವ ಪರ್ಡ್ಯೂ, ಟೆಕ್ಸಾಸ್ ಎ ಅಂಡ್ ಎಂ ಮುಂತಾದವು ಆ ಕಾಯ್ದೆಯ ಕೂಸುಗಳು. 1944ರ ಜಿ.ಐ. ಬಿಲ್ ಯುದ್ಧದಿಂದ ಮರಳಿದ ಸೈನಿಕರಿಗೆ ಕಾಲೇಜು ಶುಲ್ಕ ಮತ್ತು ಮನೆ ಸಾಲಕ್ಕೆ ಖಾತರಿ ಕೊಟ್ಟಿತು. ಅಂತರ್ಜಾಲದ ಮೊದಲ ರೂಪವಾದ ಆರ್ಪಾನೆಟ್‌ಗೆ 1969ರಲ್ಲಿ ಹಣ ಸುರಿದದ್ದು ಅಮೆರಿಕದ ರಕ್ಷಣಾ ಇಲಾಖೆ.

ಕೊಡುವ ಕೈಯೇ ಕಿತ್ತುಕೊಂಡದ್ದೂ ನಿಜ. ಹಂಚಿದ ಆ ಎಕರೆಗಳಲ್ಲಿ ಮೊದಲು ಇದ್ದವರು ಅಲ್ಲಿನ ಮೂಲನಿವಾಸಿಗಳು. ಭಾರತೀಯರಿಗಂತೂ ಬಾಗಿಲೇ ಮುಚ್ಚಿತ್ತು. 1917ರ ಕಾಯ್ದೆ ಏಷ್ಯಾದ ಬಹುಭಾಗದಿಂದ ವಲಸೆ ನಿಷೇಧಿಸಿತು. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 1946ರಲ್ಲಿ ಬಾಗಿಲು ಸಂದು ತೆರೆದಾಗಲೂ ಇಡೀ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ 100 ಜಾಗ. ಹುಟ್ಟಿದ ದೇಶ ನೋಡಿ ಪಾಲು ಹಂಚುವ ಈ ಪದ್ಧತಿಯನ್ನು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ 1965ರ ವಲಸೆ ಕಾಯ್ದೆ ತೆಗೆದುಹಾಕಿತು. ಕನ್ನಡದ ವೈದ್ಯರು, ಎಂಜಿನಿಯರುಗಳ ಮೊದಲ ದೊಡ್ಡ ತಂಡ ಹೊರಟದ್ದು ಅದರ ನಂತರವೇ.

ಘಟ್ಟದ ಮೇಲಿನ ಲೆಕ್ಕ

ಅಮೆರಿಕ ಜಮೀನು ಹಂಚಲು ಹೊರಟ ಅದೇ 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಬೇರ್ಪಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮುಂಬಯಿ ಆಡಳಿತದಲ್ಲಿ ಇಲ್ಲಿನ ಅಡಿಕೆ ಬೆಳೆಗಾರರಿಗೆ ಗಟ್ಟಿಯಾದ ಸೌಲಭ್ಯವೇ ಸೊಪ್ಪಿನಬೆಟ್ಟ: ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಕಾಡಿನಿಂದ ಸೊಪ್ಪು, ದರಕು ತರುವ ಹಕ್ಕು. ಬೆಟ್ಟ ಸರ್ಕಾರದ್ದು, ಬಳಕೆ ಬೆಳೆಗಾರನದ್ದು. ಆ ಸೊಪ್ಪಿಲ್ಲದೆ ತೋಟಕ್ಕೆ ಗೊಬ್ಬರವಿರಲಿಲ್ಲ, ತೋಟವಿಲ್ಲದೆ ಶಾಲೆಯ ಶುಲ್ಕವಿರಲಿಲ್ಲ.

ಇಲ್ಲಿನವರು ಸರ್ಕಾರದ ಮರ್ಜಿಯಲ್ಲೇ ಬದುಕಿದವರೂ ಅಲ್ಲ. 1930ರ ದಶಕದ ಆರಂಭದ ಕರನಿರಾಕರಣೆ ಚಳವಳಿಯಲ್ಲಿ ಅಂಕೋಲದ ಜೊತೆ ನಿಂತ ತಾಲ್ಲೂಕು ಸಿದ್ದಾಪುರ. ಕಂದಾಯ ಕಟ್ಟದ ರೈತರ ಜಮೀನು, ಪಾತ್ರೆಪಡಗ ಮುಟ್ಟುಗೋಲಾದವು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಆ ಜಮೀನು ಮರಳಿಸುವ ಕೆಲಸ ನಡೆಯಿತು. ಕಿತ್ತುಕೊಂಡದ್ದು ಒಂದು ಸರ್ಕಾರ, ಮರಳಿ ಕೊಟ್ಟದ್ದು ಇನ್ನೊಂದು.

ಮಧ್ಯವರ್ತಿಗಳ ಹಿಡಿತ ಬಿಡಿಸಿಕೊಳ್ಳಲು ಬೆಳೆಗಾರರು ಕಟ್ಟಿಕೊಂಡದ್ದು ಸಹಕಾರ ಸಂಘ. ಶಿರಸಿಯನ್ನು ಕೇಂದ್ರವಾಗಿಟ್ಟು 1920ರಲ್ಲಿ ಕೆಡಿಸಿಸಿ ಬ್ಯಾಂಕ್, 1923ರಲ್ಲಿ ಕಡವೆ ಶ್ರೀಪಾದ ಹೆಗಡೆಯವರ ಮುಂದಾಳತ್ವದಲ್ಲಿ ಅಡಿಕೆ ಮಾರಾಟದ ಸಹಕಾರ ಸಂಘ ಟಿಎಸ್‌ಎಸ್ ಹುಟ್ಟಿದವು. ದುಡಿಮೆ ಜನರದ್ದೇ. ಆದರೆ ಸಂಘಕ್ಕೆ ಕಾನೂನಿನ ದೇಹ ಕೊಟ್ಟದ್ದು ಸಹಕಾರ ಕಾಯ್ದೆ. ಅಡಿಕೆ ಇಟ್ಟು ಮುಂಗಡ ಪಡೆದು ಮಗನ ಹಾಸ್ಟೆಲ್ ಬಿಲ್ ಕಟ್ಟುವ ವ್ಯವಸ್ಥೆ ಬಂದದ್ದು ಈ ಎರಡರ ಕೂಡಿಕೆಯಿಂದ.

ಮುಂದಿನ ತಿರುವು 1974. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಎದ್ದ ಗೇಣಿದಾರರ ಕೂಗಿಗೆ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ತಿದ್ದುಪಡಿಯ ಮೂಲಕ ಉತ್ತರ ಕೊಟ್ಟಿತು. ಫಾರಂ ನಂಬರ್ 7 ತುಂಬಿ, 'ಡಿಕ್ಲರೇಶನ್' ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತ ದೀವರು, ಮಡಿವಾಳರು, ಕರಿಒಕ್ಕಲಿಗರು ತಾವು ಉಳುತ್ತಿದ್ದ ಗದ್ದೆಗೆ ಒಡೆಯರಾದರು. ಭೂಮಿ ಕಳೆದುಕೊಂಡ ಮನೆಗಳಲ್ಲಿ 'ಇನ್ನು ಜಮೀನು ನಂಬಿ ಕೂರುವಂತಿಲ್ಲ, ಓದಿಸಬೇಕು' ಎಂಬ ಮಾತು ಹುಟ್ಟಿತು. ಪಡೆದ ಮನೆಗಳಲ್ಲಿ ಗೇಣಿಗೆ ಹೋಗುತ್ತಿದ್ದ ಭತ್ತ ಮನೆಯಲ್ಲೇ ಉಳಿದು, ಮಕ್ಕಳು ಶಾಲೆಯಲ್ಲಿ ನಿಲ್ಲುವಂತಾಯಿತು. ಒಂದೇ ಕಾಯ್ದೆ ಎರಡು ಬೇರೆ ಕಾರಣಗಳಿಂದ ಎರಡೂ ಕಡೆಯವರನ್ನು ಓದಿನತ್ತ ತಳ್ಳಿತು.

ಸೀಟು ಸಿಕ್ಕಿದ ಬಗೆ

ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ ಹುಟ್ಟಿದ ರಾಮಕೃಷ್ಣ ಹೆಗಡೆ 1983ರಲ್ಲಿ ಮುಖ್ಯಮಂತ್ರಿಯಾದರು. ಆ ಹೊತ್ತಿಗೆ ಕರ್ನಾಟಕ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೂ, ಅಲ್ಲಿನ ಡೊನೇಷನ್‌ಗೂ ದೇಶದಲ್ಲೇ ಹೆಸರಾಗಿತ್ತು. ಅವರ ಸರ್ಕಾರ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಕಾಯ್ದೆ ಬಂದರೂ ಡೊನೇಷನ್ ಬೇರೆ ಬೇರೆ ಹೆಸರಿನಲ್ಲಿ ನಡೆಯಿತು. 1992ರಲ್ಲಿ ಮೋಹಿನಿ ಜೈನ್, 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಡೊನೇಷನ್ ವಿರುದ್ಧ ತೀರ್ಪು ಕೊಟ್ಟ ಮೇಲೆ, 1994ರಲ್ಲಿ ರಾಜ್ಯದಲ್ಲಿ ಸಿಇಟಿ ಶುರುವಾಯಿತು.

ಹಳ್ಳಿ ಹುಡುಗರ ಪಾಲಿಗೆ ಇದು ದೊಡ್ಡ ಬದಲಾವಣೆ. ರ‍್ಯಾಂಕ್ ಬಂದರೆ ಸೀಟು, ಅದೂ ಸರ್ಕಾರ ಗೊತ್ತುಮಾಡಿದ ಶುಲ್ಕಕ್ಕೆ. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಒಳಮೀಸಲಾತಿಯೂ ಸಿಕ್ಕಿತು. ನಾಮಧಾರಿ, ದೀವರ ಮಕ್ಕಳಿಗೆ ಪ್ರವರ್ಗ 2ಎ ಬಾಗಿಲು ತೆರೆಯಿತು. ಬಿಳಗಿಯ ಅಂಚಿನ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗ ಸುರತ್ಕಲ್ಲಿಗೋ ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜಿಗೋ ಹೋಗುವುದು ಊಹಿಸಬಹುದಾದ ಸಂಗತಿಯಾಯಿತು.

ಡೊನೇಷನ್ ಕೊಡಲಾಗದ ಮನೆಗಳ ಮೊದಲ ಎಂಜಿನಿಯರುಗಳಲ್ಲಿ ಅನೇಕರು ಆ ದಿನಗಳವರು. ಅವರ ನೆನಪಿನಲ್ಲಿ ಚಿಮಣಿ ದೀಪದ ಓದು, ಮಳೆಗಾಲದಲ್ಲಿ ಹಳ್ಳ ದಾಟಿದ್ದು, ಗಣಿತದ ಮೇಷ್ಟ್ರು ಎಲ್ಲ ಇರುತ್ತವೆ. ಆ ಮೇಷ್ಟ್ರ ಸಂಬಳ ಖಜಾನೆಯಿಂದ ಬರುತ್ತಿತ್ತು ಎಂಬುದು ಮಾತ್ರ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ನಡುವಿನ ನಿಲ್ದಾಣ ಬೆಂಗಳೂರು

ಎಂಜಿನಿಯರಾದರೆ ಸಾಲದು, ಕೆಲಸ ಬೇಕಲ್ಲ. ಸರ್ಕಾರ ಹೇಗೆ ಅಡ್ಡಿಯಾಗಬಲ್ಲದು ಎಂಬುದಕ್ಕೂ, ಅಡ್ಡಿ ತೆಗೆದರೆ ಏನಾಗುತ್ತದೆ ಎಂಬುದಕ್ಕೂ ಬೆಂಗಳೂರು ಸಾಕ್ಷಿ. ಲೈಸೆನ್ಸ್ ಕಾಲದಲ್ಲಿ ಟೆಲಿಫೋನ್‌ಗೆ ವರ್ಷಗಟ್ಟಲೆ ಕಾಯಬೇಕಿತ್ತು, ಕಂಪ್ಯೂಟರ್ ತರಿಸಲು ದೆಹಲಿಯ ಕಚೇರಿಗಳನ್ನು ಅಲೆಯಬೇಕಿತ್ತು. ವಿದೇಶಕ್ಕೆ ಹೋಗುವವನ ಕೈಯಲ್ಲಿ ಎಂಟು ಡಾಲರ್ ಇಟ್ಟು ಕಳಿಸುತ್ತಿದ್ದ ದಿನಗಳೂ ಇದ್ದವು. ಪಾಸ್‌ಪೋರ್ಟ್ ಕೂಡ ಸರ್ಕಾರದ ಕೃಪೆಯೇ ಆಗಿತ್ತು. ವಿದೇಶ ಪ್ರಯಾಣ ನಾಗರಿಕನ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಷ್ಟೇ ಪಾಸ್‌ಪೋರ್ಟ್ ಕಾಯ್ದೆ ಬಂತು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಉಪಗ್ರಹ ಸಂಪರ್ಕಕ್ಕೆ ಕೇಂದ್ರ ಸರ್ಕಾರ ವಿಶೇಷ ಅನುಮತಿ ಕೊಡಬೇಕಾಯಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್‌ಗಳ ಸಂಸ್ಥೆ ಬಂದು ಸಣ್ಣ ಕಂಪನಿಗಳಿಗೂ ಆ ಸಂಪರ್ಕ ಸಿಕ್ಕಿತು. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ ಆದಾಯ ತೆರಿಗೆ ವಿನಾಯಿತಿ 2011ರ ಮಾರ್ಚ್‌ವರೆಗೂ ನಡೆಯಿತು. ಐ.ಟಿ. ಉದ್ಯಮ ಬೆಳೆದದ್ದು ಸರ್ಕಾರ ಕಣ್ಣು ಮುಚ್ಚಿಕೊಂಡಿದ್ದರಿಂದ ಎಂಬ ಜನಪ್ರಿಯ ಮಾತು ಅರ್ಧ ಸತ್ಯ. ಪರವಾನಗಿಯ ಕಾಟ ತಪ್ಪಿದ್ದು ಎಷ್ಟು ನಿಜವೋ, ಭೂಮಿ, ಉಪಗ್ರಹ ಮತ್ತು ತೆರಿಗೆ ರಿಯಾಯಿತಿ ಸಿಕ್ಕಿದ್ದೂ ಅಷ್ಟೇ ನಿಜ.

ಒಂದು ಫೈಲಿನೊಳಗೆ

ಎಂ.ಎಸ್.ಗೆ ಹೊರಟ ಸಿದ್ದಾಪುರದ ಹುಡುಗಿಯೊಬ್ಬಳ ಪ್ಲಾಸ್ಟಿಕ್ ಫೈಲ್ ಬಿಡಿಸಿದರೆ ಸರ್ಕಾರ ಎಲ್ಲೆಲ್ಲಿ ಕೂತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಎಲ್ಲಕ್ಕಿಂತ ಕೆಳಗೆ ಜನನ ಪ್ರಮಾಣಪತ್ರ. ಅದರ ಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯುಳ್ಳ ಗ್ರಾಮೀಣ ವ್ಯಾಸಂಗ ಪತ್ರ, ತಹಶೀಲ್ದಾರರ ಜಾತಿ-ಆದಾಯ ಪತ್ರ, ವಿಟಿಯು ಪದವಿ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಮಾಡಿಸಿದ ಪಾಸ್‌ಪೋರ್ಟ್. ಆಮೇಲೆ ಅಮೆರಿಕದ ವಿಶ್ವವಿದ್ಯಾಲಯ ಕೊಟ್ಟ ಐ-20 ಪತ್ರ, ಸೆವಿಸ್ ಶುಲ್ಕದ ರಸೀದಿ, ಡಿಎಸ್-160 ವೀಸಾ ಅರ್ಜಿಯ ಮುದ್ರಿತ ಪ್ರತಿ. ಕೊನೆಗೆ ಅಪ್ಪನ ಹೆಸರಿನ ಪಹಣಿ, ಸೊಸೈಟಿಯ ಖಾತೆ ಉತಾರ, ಚಾರ್ಟರ್ಡ್ ಅಕೌಂಟೆಂಟ್ ಬರೆದುಕೊಟ್ಟ ಆಸ್ತಿ ಮೌಲ್ಯದ ಪತ್ರ.

ಆ ಪಹಣಿಯದ್ದೇ ಒಂದು ವಿಚಿತ್ರ ಕಥೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಆಸ್ತಿಯ ಭದ್ರತೆ ಬೇಕು. ಅಮೆರಿಕದ ಎಂ.ಎಸ್.ಗೆ ಅದರ ಹಲವು ಪಟ್ಟು ಹಣ ಬೇಕಾಗುತ್ತದೆ. ಮನೆಯವರ ಬಳಿ ಇರುವುದು ಫಸಲು ಬಿಡುವ ತೋಟ. ಆದರೆ ಸಾಲ ತೀರದಿದ್ದಾಗ ಕೋರ್ಟಿಗೆ ಹೋಗದೆ ಆಸ್ತಿ ಹರಾಜು ಹಾಕುವ ಅಧಿಕಾರವನ್ನು ಬ್ಯಾಂಕಿಗೆ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ರೈತನ ಜಮೀನು ಉಳಿಯಲಿ ಎಂದು ಇಟ್ಟ ರಕ್ಷಣೆ ಅದು. ಪರಿಣಾಮವಾಗಿ ಶಿಕ್ಷಣ ಸಾಲಕ್ಕೆ ತೋಟವನ್ನು ಒತ್ತೆ ಇಟ್ಟುಕೊಳ್ಳಲು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ ಒಂದು ಸೈಟು, ಒಂದು ಮನೆ ಇದ್ದವರಿಗೆ ಸಾಲ ಸಲೀಸು. ಇಲ್ಲದವರು ಪೇಟೆಯಲ್ಲಿ ಮನೆಯಿರುವ ನೆಂಟರ ಬಳಿ ಹೋಗಬೇಕು, ಇಲ್ಲವೇ ಹೆಚ್ಚು ಬಡ್ಡಿಗೆ ಖಾಸಗಿ ಹಣಕಾಸು ಕಂಪನಿಯ ಬಾಗಿಲು ತಟ್ಟಬೇಕು.

ಬ್ಯಾಂಕ್ ಒಲ್ಲೆ ಎಂದ ಅದೇ ತೋಟ ವೀಸಾ ಸಂದರ್ಶನದಲ್ಲಿ ಮಾತ್ರ ಕೆಲಸಕ್ಕೆ ಬರಬಹುದು. ವಿದ್ಯಾರ್ಥಿ ವೀಸಾ ಕೇಳುವವರು ಓದು ಮುಗಿಸಿ ಊರಿಗೆ ಮರಳುವವರೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಊರಿನಲ್ಲಿ ಆಸ್ತಿ ಇದೆ ಎಂಬುದು ಅದಕ್ಕೊಂದು ಆಧಾರ.

ಈ ಸಂದರ್ಶನಕ್ಕೆ ಸಿದ್ದಾಪುರದವರು ಚೆನ್ನೈಗೋ ಹೈದರಾಬಾದಿಗೋ ಹೋಗುತ್ತ ಬಂದಿದ್ದಾರೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ವೀಸಾ ಸೇವೆ ಅದರೊಂದಿಗೇ ಶುರುವಾಗಲಿಲ್ಲ. ಅದೇ ವರ್ಷ ಮೇ ಕೊನೆಯಿಂದ ಕೆಲ ವಾರ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳಿಗೆ ದಿನ ಗೊತ್ತುಮಾಡುವುದೇ ನಿಂತಿತ್ತು.

ಲಾಟರಿ, ಸರದಿ, ಇಪ್ಪತ್ತೊಂದು ವರ್ಷ

ಓದು ಮುಗಿದ ಮೇಲೆ ಒಂದು ವರ್ಷ ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ 2016ರ ನಿಯಮದಂತೆ ಇನ್ನೂ ಎರಡು ವರ್ಷ. ಅಷ್ಟರೊಳಗೆ ಎಚ್-1ಬಿ ಎಂಬ ಉದ್ಯೋಗ ವೀಸಾ ಸಿಗಬೇಕು. 1990ರ ಕಾಯ್ದೆಯಿಂದ ಹುಟ್ಟಿದ ಈ ವೀಸಾಗಳು ವರ್ಷಕ್ಕೆ 65,000, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಹೆಚ್ಚುವರಿಯಾಗಿ 20,000. ಕಂಪ್ಯೂಟರ್ ಉದ್ಯಮ ಉಬ್ಬಿದಾಗ ಅಲ್ಲಿನ ಸಂಸತ್ತು ಮಿತಿಯನ್ನು 1,95,000ಕ್ಕೆ ಏರಿಸಿದ್ದೂ ಉಂಟು. 2004ರ ಹೊತ್ತಿಗೆ ಅದು ಮತ್ತೆ 65,000ಕ್ಕೆ ಇಳಿಯಿತು. ಬೇಡಿಕೆ ಮಿತಿಗಿಂತ ಎಷ್ಟೋ ಹೆಚ್ಚಾದ್ದರಿಂದ ಚೀಟಿ ಎತ್ತುವ ಪದ್ಧತಿ ಬಂತು. ಅಡಿಕೆ ಅಂಗಳದಲ್ಲಿ ಕೇಳುವ 'ಲಾಟ್ರಿ' ಇದೇ.

2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಆಗಿನ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ಅಮೆರಿಕದೊಳಗೇ ಓದಿ ವೀಸಾ ಬದಲಿಸಿಕೊಳ್ಳುವವರಿಗೆ ಇದು ಅನ್ವಯಿಸದು ಎಂಬ ಸ್ಪಷ್ಟನೆ ಆಮೇಲೆ ಬಂದರೂ, ಬೆಂಗಳೂರಿನಿಂದ ನೇರ ಹೋಗುವ ದಾರಿ ಕಿರಿದಾಯಿತು.

ಎಚ್-1ಬಿ ಸಿಕ್ಕವರ ಮುಂದಿರುವುದು ಗ್ರೀನ್ ಕಾರ್ಡ್ ಸರದಿ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್. ಹೆಂಡತಿ ಮಕ್ಕಳೂ ಅದೇ ಲೆಕ್ಕದಲ್ಲಿ ಸೇರುತ್ತಾರೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚು ಸಿಗದು. ನೂರನಲವತ್ತು ಕೋಟಿ ಜನರ ಭಾರತಕ್ಕೂ ನಾಲ್ಕು ಲಕ್ಷ ಜನರ ಐಸ್‌ಲ್ಯಾಂಡಿಗೂ ಒಂದೇ ಮಿತಿ. ಹಾಗಾಗಿ 2025ರಲ್ಲೂ ಭಾರತದ ಎಂಜಿನಿಯರುಗಳ ಮುಖ್ಯ ವರ್ಗಗಳಲ್ಲಿ ಸರದಿ ಮುಟ್ಟಿದ್ದು 2013ರ ಸುಮಾರಿಗೆ ಹೆಸರು ಬರೆಸಿದವರಿಗೆ.

ಕಾಯುವಿಕೆ ಕಾಗದದ ಮೇಲಿನ ಸಂಗತಿ ಮಾತ್ರ ಅಲ್ಲ. ಕೆಲಸ ಹೋದರೆ ಹೊಸ ಕಂಪನಿ ಹುಡುಕಲು ಅರವತ್ತು ದಿನ. ಎಂಜಿನಿಯರಿಂಗ್ ಮುಗಿಸಿ ಮದುವೆಯಾಗಿ ಹೋದ ಶಿರಸಿಯ ಹೆಣ್ಣುಮಗಳು, ಸಂಗಾತಿಗೆ ಕೊಡುವ ಎಚ್-4 ವೀಸಾದಲ್ಲಿ ಮನೆಯಲ್ಲೇ ಕೂರಬೇಕಿತ್ತು. ಗ್ರೀನ್ ಕಾರ್ಡ್ ಹಾದಿಯಲ್ಲಿರುವವರ ಸಂಗಾತಿಗೆ ಕೆಲಸದ ಅನುಮತಿ ಸಿಕ್ಕಿದ್ದು 2015ರಲ್ಲಿ. ಎರಡು ವರ್ಷದ ಕೂಸಾಗಿ ಹೋದ ಮಗು ಅಲ್ಲೇ ಬೆಳೆದು ಇಪ್ಪತ್ತೊಂದು ತುಂಬಿದ ದಿನ ತಂದೆಯ ಅರ್ಜಿಯ ಆಸರೆಯಿಂದ ಹೊರಬೀಳಬಹುದು. ಆಮೇಲೆ ಆ ಮಗು ಸ್ವಂತ ವಿದ್ಯಾರ್ಥಿ ವೀಸಾ ಪಡೆಯಬೇಕು, ಇಲ್ಲವೇ ತಾನು ಕಾಣದ ಊರಿಗೆ 'ಮರಳಬೇಕು'.

ಅಡಿಕೆಗೊಂದು ನ್ಯಾಯ, ಎಂಜಿನಿಯರಿಗೊಂದು ನ್ಯಾಯ?

ಇದನ್ನೆಲ್ಲ ಕೇಳಿದವರಿಗೆ ಅಮೆರಿಕದ ಮೇಲೆ ಸಿಟ್ಟು ಬರುವುದು ಸಹಜ. ಸಿಟ್ಟಿನ ಜೊತೆಗೆ ಎಪಿಎಂಸಿಯ ದರಪಟ್ಟಿಯನ್ನೂ ಒಮ್ಮೆ ನೋಡಬೇಕು.

ಅಡಿಕೆಯ ದರ ನಿಂತಿರುವುದು ಆಮದು ಬೇಲಿಯ ಮೇಲೆ. ಶೇ 100ರ ಆಮದು ಸುಂಕದ ಜೊತೆಗೆ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯನ್ನೂ ಇಟ್ಟಿದೆ. 2023ರ ಫೆಬ್ರುವರಿಯಲ್ಲಿ ಅದನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಲಾಯಿತು. 2022ರಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆಯನ್ನು ಈ ಕಟ್ಟುಪಾಡಿಲ್ಲದೆ ತರಲು ಅನುಮತಿ ಕೊಟ್ಟಾಗ ಮಲೆನಾಡು, ಕರಾವಳಿಯ ಬೆಳೆಗಾರರು ಗಟ್ಟಿಯಾಗಿ ಪ್ರತಿಭಟಿಸಿದರು. ಅಗ್ಗದ ಹೊರಗಿನ ಮಾಲು ಬಂದರೆ ನಮ್ಮ ದುಡಿಮೆಗೆ ಬೆಲೆ ಇರದು ಎಂಬುದು ಅವರ ವಾದ. ಅದು ಸುಳ್ಳಲ್ಲ. ಕೊಳೆರೋಗ ಬಂದ ವರ್ಷ, ಮಳೆಯ ನಡುವೆ ಬೋರ್ಡೋ ಹೊಡೆಸಲು ಕೊನೆಗೌಡ ಸಿಗದೆ ಒದ್ದಾಡಿದವನಿಗೆ ಆ ನೂರು ರೂಪಾಯಿಯ ಅರ್ಥ ಗೊತ್ತು.

ಓಹಾಯೊದ ಪ್ರೋಗ್ರಾಮರ್ ತನ್ನ ಸರ್ಕಾರಕ್ಕೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಹೊರಗಿನವರು ಕಡಿಮೆ ಸಂಬಳಕ್ಕೆ ಬಂದರೆ ನನ್ನ ದುಡಿಮೆಗೆ ಬೆಲೆ ಇರದು. ಮಂಗಳೂರು ಬಂದರಿನಲ್ಲಿ ಹೊರಗಿನ ಅಡಿಕೆ ತಡೆದ ಬೇಲಿಯಿಂದ ಉಳಿದ ಹಣದಲ್ಲಿ ಓದಿದ ಹುಡುಗ, ಇನ್ನೊಬ್ಬರು ಇನ್ನೊಂದು ಬಂದರಿನಲ್ಲಿ ಹಾಕಿದ ಬೇಲಿಗೆ ಹೋಗಿ ಡಿಕ್ಕಿ ಹೊಡೆಯುತ್ತಾನೆ. ಅಡಿಕೆ ಮತ್ತು ಮನುಷ್ಯ ಒಂದೇ ಅಲ್ಲ ನಿಜ. ಮೂಟೆಗೆ ಇಪ್ಪತ್ತೊಂದು ವರ್ಷದ ಮಗಳಿರುವುದಿಲ್ಲ. ಆದರೂ ನಮ್ಮ ಕಡೆಯ ಬೇಲಿಯನ್ನು ರಕ್ಷಣೆ ಎಂದೂ ಅವರ ಕಡೆಯದನ್ನು ಅನ್ಯಾಯ ಎಂದೂ ಕರೆಯುವ ಮೊದಲು ಸ್ವಲ್ಪ ತಡೆದು ಯೋಚಿಸಬೇಕಾಗುತ್ತದೆ.

ಇನ್ನು ಅಮೆರಿಕದ ನೆಲದಲ್ಲೇ ಆ ಕನಸು ಸವೆದಿದೆ. ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ 2016ರ ಅಧ್ಯಯನದ ಪ್ರಕಾರ, 1940ರಲ್ಲಿ ಹುಟ್ಟಿದ ಅಮೆರಿಕನ್ನರಲ್ಲಿ ಶೇ 90ರಷ್ಟು ಜನ ತಂದೆತಾಯಿಗಿಂತ ಹೆಚ್ಚು ಗಳಿಸಿದರೆ, 1980ರಲ್ಲಿ ಹುಟ್ಟಿದವರಲ್ಲಿ ಆ ಪ್ರಮಾಣ ಶೇ 50ಕ್ಕೆ ಕುಸಿದಿದೆ. ಬಾಗಿಲು ಮುಚ್ಚಿ ಎಂಬ ಕೂಗಿನ ಹಿಂದೆ ಈ ನಿರಾಸೆಯೂ ಇದೆ.

ಕಾಗದವಿಲ್ಲದ ಮನೆಗಳು

ವೀಸಾ ಲಾಟರಿಯ ಮಾತು ಆಡುವವರಾದರೂ ಬಹುದೂರ ಬಂದವರು. ಅಲ್ಲಿಗೆ ಬರುವ ಮೊದಲೇ ನಿಂತುಹೋದವರು ಇದೇ ತಾಲ್ಲೂಕುಗಳಲ್ಲಿ ಹೆಚ್ಚು.

ಉತ್ತರ ಕನ್ನಡದ ಸುಮಾರು ಮುಕ್ಕಾಲು ಪಾಲು ಅರಣ್ಯ. ಅದರ ಅಂಚಿನಲ್ಲಿ ಎಕರೆ, ಅರ್ಧ ಎಕರೆ ಸಾಗುವಳಿ ಮಾಡಿ ಬದುಕುವ ಸಾವಿರಾರು ಕುಟುಂಬಗಳಿಗೆ ಸರ್ಕಾರಿ ಕಡತದಲ್ಲಿ ಇರುವ ಹೆಸರು 'ಅತಿಕ್ರಮಣದಾರ'. 2006ರ ಅರಣ್ಯ ಹಕ್ಕು ಕಾಯ್ದೆ ಆಸೆ ಹುಟ್ಟಿಸಿತು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದಕ್ಕೆ ಪುರಾವೆ ಕೊಡಬೇಕು. 1930ರ ಕಾಗದ ಯಾವ ಗುಡಿಸಲಿನಲ್ಲಿ ಉಳಿದೀತು? ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ.

ಪಹಣಿ ಇಲ್ಲದವನಿಗೆ ಸೊಸೈಟಿಯ ಬೆಳೆಸಾಲ ಸಿಗದು, ಭದ್ರತೆ ಕೊಡಲಾಗದು, ಆಸ್ತಿ ಮೌಲ್ಯದ ಪತ್ರದ ಪ್ರಶ್ನೆಯೇ ಇಲ್ಲ. ಅಲ್ಲಿನ ಮಗು ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ತಂದರೂ ಅದರ ಫೈಲು ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ನೋಡಿದರೆ ಸರ್ಕಾರದ ನೆರವು ಮೊದಲೇ ಕಾಗದ ಕೈಯಲ್ಲಿದ್ದವರ ಕಡೆಗೆ ಸುಲಭವಾಗಿ ಹರಿದಿದೆ. ಸೊಪ್ಪಿನಬೆಟ್ಟದ ಹಕ್ಕು ಸಿಕ್ಕಿದ್ದು ತೋಟ ಇದ್ದವರಿಗೆ. ಅದೇ ಕಾಡಿನಲ್ಲಿ ತೋಟವಿಲ್ಲದವನು ಗುದ್ದಲಿ ಊರಿದರೆ ಅದು ಅಪರಾಧ.

ಮರಳುವ ದಾರಿಯಲ್ಲೂ ಕಾಯ್ದೆ

ಅಮೆರಿಕದಿಂದ ಬರುವ ಹಣ ಊರಿಗೆ ಕಾಣುತ್ತದೆ: ಹೆಂಚು ಹೋಗಿ ಬಂದ ತಾರಸಿ, ದೇವಸ್ಥಾನದ ಹೊಸ ಪೌಳಿ, ಅಪ್ಪ ಅಮ್ಮನ ಔಷಧಿ. ಭಾರತಕ್ಕೆ ವಿದೇಶಗಳಿಂದ ಬರುವ ಹಣದಲ್ಲಿ ಅಮೆರಿಕದ ಪಾಲು 2023-24ರಲ್ಲಿ ಶೇ 27.7 ಎಂದು ರಿಸರ್ವ್ ಬ್ಯಾಂಕ್ ಸಮೀಕ್ಷೆ ಹೇಳಿದೆ. ಬೇರೆ ಯಾವ ದೇಶದಿಂದಲೂ ಅಷ್ಟು ಬರುವುದಿಲ್ಲ. ಆದರೆ ಕೊಟ್ಟೆ ಕಟ್ಟಲು, ಕೊನೆ ಕೊಯ್ಯಲು ಆ ಹಣವೇ ಕೈಕಾಲು ಆಡಿಸದು. ದೊಡ್ಡ ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು, ತೋಟ ಇನ್ಯಾರದೋ ಉಸ್ತುವಾರಿಯಲ್ಲಿ. ತೋಟ ನೋಡಿಕೊಂಡು ಊರಲ್ಲೇ ಉಳಿದ ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ ಎಂಬ ಚಿಂತೆಯೂ ಇದೇ ಕಥೆಯ ಇನ್ನೊಂದು ಮಗ್ಗುಲು.

ಮರಳಿ ಬರುತ್ತೇನೆ ಎಂದವನಿಗೂ ಕಾಯ್ದೆ ಎದುರಾಗುತ್ತದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಅಮೆರಿಕದ ಪ್ರಜೆಯಾದವರಿಗೆ 2005ರಿಂದ ಸಾಗರೋತ್ತರ ಭಾರತೀಯ (ಒಸಿಐ) ಕಾರ್ಡ್ ಇದೆ, ಮತದ ಹಕ್ಕಿಲ್ಲ. ಅಪ್ಪನ ತೋಟ ಪಿತ್ರಾರ್ಜಿತವಾಗಿ ಬರಬಹುದು. ಆದರೆ ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿಗಳು, ಒಸಿಐ ಕಾರ್ಡಿನವರು ಕೃಷಿ ಭೂಮಿ ಖರೀದಿಸುವಂತಿಲ್ಲ. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದು ಕರ್ನಾಟಕ 2020ರಲ್ಲಿ ಕಾಯ್ದೆ ತಿದ್ದಿತು. ಬೆಂಗಳೂರಿನ ವ್ಯಾಪಾರಿ ಸಿದ್ದಾಪುರದಲ್ಲಿ ತೋಟ ಕೊಳ್ಳಬಹುದು, ಸಿದ್ದಾಪುರದಲ್ಲೇ ಹುಟ್ಟಿ ಸಿಯಾಟಲ್‌ನಲ್ಲಿರುವವನು ಪಕ್ಕದ ತೋಟ ಕೊಳ್ಳುವಂತಿಲ್ಲ. 2020ರಲ್ಲಿ ಕೊರೊನಾ ಬಂದಾಗ ಬೆಂಗಳೂರಿನಿಂದ ಬಂದ ಹುಡುಗರು ಗುಡ್ಡ ಹತ್ತಿ ಸಿಗ್ನಲ್ ಹುಡುಕಿ ಕೆಲಸ ಮಾಡಿದ್ದನ್ನು ಊರು ನೋಡಿದೆ. ಮಳೆಗಾಲದಲ್ಲಿ ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಕೈಕೊಡದಿದ್ದರೆ ಅವರಲ್ಲಿ ಇನ್ನಷ್ಟು ಜನ ಇಲ್ಲೇ ಉಳಿಯುತ್ತಿದ್ದರು.

ಲೆಕ್ಕ ಯಾರ ಹೆಸರಿಗೆ?

ಸರ್ಕಾರ ನೆರವಾಗುವಾಗ ಅದರ ಕೈ ಕಾಣುವುದಿಲ್ಲ. ಶಾಲೆ, ರಸ್ತೆ, ಸಹಕಾರ ಕಾಯ್ದೆ, ಸಿಇಟಿ, ಆಮದು ಸುಂಕ ಎಲ್ಲವೂ ಸಾವಿರಾರು ಜನರಿಗೆ ಒಟ್ಟಾಗಿ ಸಿಗುತ್ತವೆ, ಬಹಳ ನಿಧಾನವಾಗಿ ಫಲ ಕೊಡುತ್ತವೆ. ಅಡ್ಡಿಯಾಗುವಾಗ ಮಾತ್ರ ಅದು ನಮ್ಮ ಹೆಸರು ಬರೆದ ಪತ್ರವಾಗಿ ಮನೆಗೆ ಬರುತ್ತದೆ: ವೀಸಾ ತಿರಸ್ಕಾರ, ಸಾಲ ನಿರಾಕರಣೆ, ಒಕ್ಕಲೆಬ್ಬಿಸುವ ನೋಟಿಸು. ಆದ್ದರಿಂದ ಗೆದ್ದವರು ಗೆಲುವನ್ನು ತಮ್ಮ ಹೆಸರಿಗೆ, ಸೋತವರು ಸೋಲನ್ನು ಸರ್ಕಾರದ ಹೆಸರಿಗೆ ಬರೆಯುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಜಾಣ್ಮೆ, ದುಡಿಮೆ ಇಲ್ಲದೆ ಯಾರೂ ಮುಂದೆ ಬರಲಿಲ್ಲ ಎಂಬುದು ನಿಜ. ಆದರೆ ಅಷ್ಟೇ ಜಾಣ್ಮೆಯ, ಅಷ್ಟೇ ದುಡಿಯುವ ಇನ್ನೊಂದು ಮಗು ಕಾಡಂಚಿನ ಮನೆಯಲ್ಲಿ ಏಕೆ ಉಳಿಯಿತು ಎಂದು ಕೇಳಿದರೆ ಉತ್ತರ ಕಾಯ್ದೆಗಳಲ್ಲಿ ಸಿಗುತ್ತದೆ.

ವಾಷಿಂಗ್ಟನ್ನಿನ ಲಾಟರಿ ಸಿದ್ದಾಪುರದ ಕೈಯಲ್ಲಿಲ್ಲ. ಶೇ 7ರ ಮಿತಿಯನ್ನು ಬದಲಿಸಬೇಕಾದದ್ದು ಅಲ್ಲಿನ ಸಂಸತ್ತು. ಇಲ್ಲಿನವರ ಮತಕ್ಕೆ ಬಗ್ಗುವ ಕೆಲಸಗಳು ಬೇರೆ ಇವೆ: ಅರಣ್ಯ ಹಕ್ಕಿನ ಅರ್ಜಿಗಳಿಗೆ ತೀರ್ಮಾನ, ಪೇಟೆಯಲ್ಲಿ ಮನೆಯಿಲ್ಲದ ರೈತನ ಮಕ್ಕಳಿಗೂ ಸಿಗುವ ಶಿಕ್ಷಣ ಸಾಲದ ಖಾತರಿ, ಹಳ್ಳಿ ಶಾಲೆಯಲ್ಲಿ ಗಣಿತಕ್ಕೊಬ್ಬ ಕಾಯಂ ಮೇಷ್ಟ್ರು, ಮಳೆಯಲ್ಲೂ ಕೈಕೊಡದ ನೆಟ್‌ವರ್ಕು. ಪಂಚಾಯಿತಿಯಿಂದ ಲೋಕಸಭೆಯವರೆಗೆ ಮತ ಕೇಳಲು ಬರುವವರಿಗೆ 'ನಮ್ಮ ಹುಡುಗರ ವೀಸಾಕ್ಕೆ ಏನು ಮಾಡಿದಿರಿ' ಎಂದು ಕೇಳುವುದಕ್ಕಿಂತ, ಇವುಗಳಲ್ಲಿ ಯಾವುದನ್ನು ಯಾವ ವರ್ಷದೊಳಗೆ ಮಾಡುತ್ತೀರಿ ಎಂದು ಕೇಳಿದರೆ ಹೋಗುವವರಿಗೂ ಉಳಿಯುವವರಿಗೂ ಉಪಯೋಗ.